ಉಳಿತಾಯ ಯಾರ ತಾಟಿನಿಂದ?

2023ರ ಮುಂಗಾರು ನಮ್ಮ ರೋಣ ತಾಲ್ಲೂಕಿನ ಎರೆಹೊಲಗಳಿಗೆ ಕೈಕೊಟ್ಟಿತು. ಬಿತ್ತಿದ ಹೆಸರು ಗೇಣುದ್ದ ಎದ್ದು ಅಲ್ಲಿಗೇ ನಿಂತಿತು. 1901ರಿಂದ ಈಚೆಗೆ ದೇಶದಲ್ಲಿ ಇಷ್ಟು ಒಣ ಆಗಸ್ಟ್ ಬಂದಿರಲಿಲ್ಲ ಎಂದು ಹವಾಮಾನ ಇಲಾಖೆ ಹೇಳಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅದೇ ವರ್ಷ ಟೊಮ್ಯಾಟೊ ಕಿಲೋಗೆ 100 ರೂಪಾಯಿ ದಾಟಿತ್ತು. ತೊಗರಿಬೇಳೆ 150ರ ಆಚೆ ಹೋಗಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ಖರ್ಚು ಕಡಿಮೆ ಮಾಡ್ರಿ. ಪೇಟೆಯವರಿಗೆ ಹೋಟೆಲ್ಲು, ಸಿನಿಮಾ ಬಿಡಿ ಎನ್ನಬಹುದು. ಮನೆಯ ರೊಟ್ಟಿ ಮನೆಯಲ್ಲೇ ತಿನ್ನುವ ನಾವು ಏನನ್ನು ಬಿಡುವುದು? ಅದನ್ನು ತಿಳಿಯಲೆಂದೇ ದಸರಾ ಮುಗಿದ ಮೇಲೆ ನಾನು ಒಂದು ನೋಟ್‌ಬುಕ್ ತಂದು ಮನೆಯ ಲೆಕ್ಕ ಬರೆಯತೊಡಗಿದೆ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಐದು ರೂಪಾಯಿಯ ಬಿಸ್ಕೀಟೂ ಬಿಡುವ ಹಾಗಿಲ್ಲ. "ಲೆಕ್ಕ ಬರದ್ರ ರೊಕ್ಕ ಹೆಚ್ಚಾಕ್ಕಾವೇನು?" ಎಂದು ಅಪ್ಪ ನಕ್ಕರು. ಹೆಚ್ಚಾಗುವುದಿಲ್ಲ ನಿಜ. ಆದರೆ ರೊಕ್ಕ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ ಎಂಬುದು ಕಾಣುತ್ತದೆ.

ಮೊದಲು ಕಂಡದ್ದು ಅಂಗಡಿಯ ಉದ್ರಿ. ಉದ್ರಿಗೆ ಬಡ್ಡಿ ಇಲ್ಲ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಆದರೆ ಉದ್ರಿ ತರುವವರು ದರ ಕೇಳುವುದಿಲ್ಲ. ಅಂಗಡಿಯವರು ಕೊಟ್ಟ ಕಂಪನಿಯ ಎಣ್ಣೆ, ಕೊಟ್ಟ ಬೆಲೆಗೆ ತಗೊಂಡು, "ಬರ್ಕೋರಿ" ಎಂದು ಬರುತ್ತೇವೆ. ಕೈಯಲ್ಲಿ ರೊಕ್ಕ ಇಲ್ಲದ್ದಕ್ಕೆ ಚಹಾಪುಡಿ ಐದು ರೂಪಾಯಿ, ಹತ್ತು ರೂಪಾಯಿ ಪ್ಯಾಕೆಟಿನಲ್ಲೇ ಬರುತ್ತದೆ. ನಮ್ಮ ಮನೆಗೆ ತಿಂಗಳಿಗೆ ಬಂದ ಅಷ್ಟೂ ಸಣ್ಣ ಪ್ಯಾಕೆಟಿನ ಗ್ರಾಮುಗಳನ್ನು ಕೂಡಿಸಿದೆ. ಅದೇ ರೊಕ್ಕಕ್ಕೆ ಸಂತೆಯಲ್ಲಿ ಅರ್ಧ ಕಿಲೋ ಪೊಟ್ಟಣ ತಂದಿದ್ದರೆ ಇನ್ನೊಂದು ವಾರ ಹೆಚ್ಚು ಬರುತ್ತಿತ್ತು. ಹಾಗಂತ ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಅಂತಲ್ಲ. ಶಾಂಪೂ ನೋಡಿ, ಎಷ್ಟೋ ಸಲ ಬಾಟಲಿಗಿಂತ ಒಂದು ರೂಪಾಯಿಯ ಚೀಟೇ ಸಸ್ತಾ. ಈಗ ಬಹಳಷ್ಟು ಪ್ಯಾಕೆಟ್‌ಗಳ ಮೇಲೆ ಗ್ರಾಮಿಗೆ ಇಷ್ಟು ಎಂಬ ದರವನ್ನೂ ಅಚ್ಚು ಹಾಕಿರುತ್ತಾರೆ. ಇಲ್ಲದಿದ್ದರೆ ಬೆಲೆಯನ್ನು ಗ್ರಾಮಿನಿಂದ ಭಾಗಿಸಲು ಫೋನಿನಲ್ಲಿ ಕ್ಯಾಲ್ಕ್ಯುಲೇಟರ್ ಇದ್ದೇ ಇದೆ.

ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ವಾರವೇ ಎಣ್ಣೆ, ಬೇಳೆ, ಚಹಾಪುಡಿ, ಸಾಬೂನು ನಾಲ್ಕನ್ನು ನಗದಿಗೆ ಸಂತೆಯಿಂದ ತರುವುದೆಂದು ಮಾಡಿಕೊಂಡೆವು. ಅಂಗಡಿಯ ಉದ್ರಿ ನಿಲ್ಲಲಿಲ್ಲ, ಅರ್ಧಕ್ಕಿಳಿಯಿತು. ಕರೆಂಟಿನದೂ ಹೀಗೇ ಒಂದು ಲೆಕ್ಕ. ಗೃಹಜ್ಯೋತಿಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಪುಕ್ಕಟೆ ಅಲ್ಲ. ಹಿಂದಿನ ಸರಾಸರಿ ಬಳಕೆ ನೋಡಿ ಒಂದೊಂದು ಮನೆಗೆ ಒಂದೊಂದು ಮಿತಿ ಹಾಕಿದ್ದಾರೆ. ಅದನ್ನು ದಾಟಿದ ಯೂನಿಟ್ಟಿಗೆ ರೊಕ್ಕ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ನಿಮ್ಮ ಮನೆಯ ಮಿತಿ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

ಇವೆಲ್ಲ ಕೂಡಿ ತಿಂಗಳಿಗೆ ಮುನ್ನೂರು ರೂಪಾಯಿ ಉಳಿದಿತ್ತು. ಆಗ ಅದೇ ಪುಸ್ತಕದ ಒಂದು ಸಾಲು ನನ್ನ ಕಣ್ಣಿಗೆ ಚುಚ್ಚಿತು: ಬಡ್ಡಿ, 600.

ಬೀಜ ಗೊಬ್ಬರಕ್ಕೆಂದು ಅಪ್ಪ ಊರಿನ ಒಬ್ಬರ ಹತ್ತಿರ 20,000 ಕೈಗಡ ತಂದಿದ್ದರು. ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮೂರು ರೂಪಾಯಿ ಎಂದರೆ ಕಿವಿಗೆ ಎಷ್ಟು ಹಗುರ! ಆದರೆ ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36. ಐದು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ 60. ನಾವು ಎಣ್ಣೆ, ಸಾಬೂನಿನಲ್ಲಿ ಹಿಂಡಿ ಹಿಂಡಿ ಉಳಿಸಿದ್ದರ ಎರಡರಷ್ಟು ಪ್ರತಿ ತಿಂಗಳು ಸದ್ದಿಲ್ಲದೆ ಹೋಗುತ್ತಿತ್ತು. ಅದರಿಂದ ಒಬ್ಬರ ಹೊಟ್ಟೆಯೂ ತುಂಬುತ್ತಿರಲಿಲ್ಲ, ಅಸಲೂ ಕರಗುತ್ತಿರಲಿಲ್ಲ.

ಸೊಸೈಟಿಯಲ್ಲಿ ಬಂಗಾರದ ಮೇಲೆ ಸಾಲ ಕೇಳಿದೆವು. ಬಡ್ಡಿ ವರ್ಷಕ್ಕೆ ನೂರಕ್ಕೆ 12, ಅಂದರೆ ತಿಂಗಳಿಗೆ 200 ರೂಪಾಯಿ. ಸಾಲ ಅಷ್ಟೇ ಇದ್ದರೂ ತಿಂಗಳಿಗೆ 400 ಉಳಿಯುತ್ತದೆ. ಆದರೆ ಮನೆಯಲ್ಲಿದ್ದ ಬಂಗಾರವೆಂದರೆ ಅವ್ವನ ಬೆಂಡೋಲೆ ಮಾತ್ರ. ಇದನ್ನು ಅಪ್ಪನೂ ನಾನೂ ಕೇಳಲಾರದೆ ಎರಡು ದಿನ ಸುಮ್ಮನಿದ್ದೆವು. ಕೊನೆಗೆ ಅವ್ವನೇ ಅಂದಳು: "ಕಿವ್ಯಾಗ ಇಟ್ಕೊಂಡ್ರ ಅದೇನು ಬಡ್ಡಿ ಕಟ್ಟತೈತೇನು? ಬಿಡಿಸೋ ತಾರೀಕು ಮಾತ್ರ ನಿನ್ನ ಪುಸ್ತಕದಾಗ ದೊಡ್ಡದಾಗಿ ಬರಿ." ಬರೆದೆ. ವರ್ಷ ತುಂಬಿದಾಗ ಬಡ್ಡಿ ಕಟ್ಟಿ ಸಾಲ ಮುಂದುವರಿಸಿದೆವು. 2024ರಲ್ಲಿ ಮಳೆ ಚಲೋ ಆಯಿತು. ಕಡ್ಲಿ ಮಾರಿದ ಮೇಲೆ ಓಲೆ ಮನೆಗೆ ಬಂತು. ಬಂಗಾರ ಇಡುವವರು ಈ ತಾರೀಕು ಮರೆಯಬಾರದು. ಮರೆತರೆ ಅದು ಹರಾಜಿಗೆ ಹೋಗುತ್ತದೆ.

ವಾರದ ಕಂತಿನ ಸಾಲ ಇರುವವರೂ ಒಂದು ಲೆಕ್ಕ ಹಾಕಿ. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದ ಪ್ರಕಾರ, ಮನೆಯ ಎಲ್ಲ ಸಾಲದ ಕಂತು ಕೂಡಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮ ಕಂತುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಅರ್ಧ ದಾಟಿದ್ದರೆ, ಆ ಕಂತು ತೀರಿಸಲು ಇನ್ನೊಂದು ಸಾಲ ಎತ್ತುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ.

ನಾನು ಈ ಬರಹ ಬರೆಯಲು ಕಾರಣ ಬಡ್ಡಿಯಲ್ಲ. ಪುಸ್ತಕದಲ್ಲಿ ಕಂಡ ಇನ್ನೆರಡು ಸಂಗತಿ.

ಒಂದು, ಹಾಲಿನ ಲೆಕ್ಕ. ಮೇವು ಸಾಲದೆ ನಮ್ಮ ಎಮ್ಮೆ ಹಾಲು ಇಳಿಸಿತ್ತು. ಆದರೆ ಡೇರಿಯ ಬಿಲ್ಲು ಇಳಿದಿರಲಿಲ್ಲ. ಅದು ಹೇಗೆ? ಹಿಂದೆ ಮನೆಗೆಂದು ಅರ್ಧ ಲೀಟರ್ ಉಳಿಸಿಕೊಳ್ಳುತ್ತಿದ್ದ ಅವ್ವ ಈಗ ಅಪ್ಪನ ಮತ್ತು ನಮ್ಮಿಬ್ಬರ ಚಹಾಕ್ಕೆ ಬೇಕಾದಷ್ಟು ಮಾತ್ರ ಇಟ್ಟು ಉಳಿದದ್ದನ್ನು ಡೇರಿಗೆ ಹಾಕುತ್ತಿದ್ದಳು. ತಾನು ಕರಿ ಚಹಾ. ಮಜ್ಜಿಗೆಯೂ ಇಲ್ಲ. ಕೇಳಿದರೆ, "ನನಗ ಹಾಲು ಹಾಕಿದ ಚಾ ಸೇರಂಗಿಲ್ಲ" ಅಂದಳು. ಹಾಲಿಲ್ಲದ ಚಹಾವನ್ನು ಅದಕ್ಕೂ ಮುಂಚೆ ಆಕೆ ಕುಡಿದದ್ದನ್ನು ನಾನು ಕಂಡಿಲ್ಲ.

ಎರಡು, ಬಿ.ಪಿ. ಗುಳಿಗೆ. ದಿನಕ್ಕೊಂದರಂತೆ ತಿಂಗಳಿಗೆ ಹತ್ತರ ಮೂರು ಸ್ಟ್ರಿಪ್ ಬೇಕು. ಪುಸ್ತಕದಲ್ಲಿ ನವೆಂಬರಿಗೆ ಎರಡೇ ಇದ್ದವು. "ತಲಿ ತಿರುಗಿದ ದಿನ ತಗೊಂಡ್ರಾತು" ಎಂಬುದು ಅವ್ವನ ಲೆಕ್ಕ. ಬಿ.ಪಿ. ಏರಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ದಿನ ಪಾರ್ಶ್ವವಾಯು ಹೊಡೆದಿರಬಹುದು. ಆಗ ಆಸ್ಪತ್ರೆಗೆ ಆಗುವ ಖರ್ಚನ್ನು ಯಾವ ಬೆಂಡೋಲೆಯೂ ತಡೆಯುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದಾಗ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಪುಕ್ಕಟೆ ಕೊಡುತ್ತಾರೆ ಎಂದರು. ಅಲ್ಲಿ ಹೆಸರು ಬರೆಸಿದೆವು. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇರುವುದರಿಂದ ಹೋಗಿಬರಲೂ ಅವ್ವನಿಗೆ ಖರ್ಚಿಲ್ಲ. ಅಲ್ಲಿ ಸಿಗದ ಔಷಧಿ ಇದ್ದರೆ, ವೈದ್ಯರಿಂದ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಬಹುದು. ಬೆಲೆ ಬಹಳ ಕಡಿಮೆ.

ಅಂಗಡಿ, ಬಡ್ಡಿ, ಕರೆಂಟು ಎಂದು ನಾವು ತಿಂಗಳುಗಟ್ಟಲೆ ಚರ್ಚೆ ಮಾಡಿದೆವು. ಅವ್ವ ಯಾರನ್ನೂ ಕೇಳದೆ ಮೊದಲ ವಾರದಲ್ಲೇ ಉಳಿತಾಯ ಶುರು ಮಾಡಿದ್ದಳು, ತನ್ನ ತಾಟಿನಿಂದ, ತನ್ನ ಗುಳಿಗೆಯಿಂದ. ನಮ್ಮ ಓಣಿಯ ಮೂರ್ನಾಲ್ಕು ಮನೆಗಳಲ್ಲಿ ಕೇಳಿದೆ. ಎಲ್ಲಿಯೂ ಇದೇ ಕಥೆ. ಕೊನೆಗೆ ಉಣ್ಣುವವರ ಪಾಲು ಎಷ್ಟು ಇಳಿಯಿತು ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಏಕೆಂದರೆ ಅಲ್ಲಿ ರೊಕ್ಕ ಕೈ ಬದಲಾಯಿಸುವುದಿಲ್ಲ.

ಬಡ್ಡಿಯಲ್ಲಿ ಉಳಿದ 400ರ ಧೈರ್ಯದ ಮೇಲೆ ಮನೆಗೆ ಅರ್ಧ ಲೀಟರ್ ಹಾಲು ಮತ್ತೆ ಉಳಿಯತೊಡಗಿತು. ಅವ್ವ ಒಂದೇ ಒಂದು ಖರ್ಚು ಮುಟ್ಟಲು ಬಿಡಲಿಲ್ಲ, ಅದು ಮದುವೆ ಮುಯ್ಯಿ. "ಅದು ಖರ್ಚಲ್ಲ, ನಮ್ಮ ಕಷ್ಟಕ್ಕ ನಾಕ್ ಮಂದಿ ಬರ್ಲಿ ಅಂತ ಇಟ್ಟಿದ್ದು" ಅಂದಳು. ಅಪ್ಪ ಒಪ್ಪಿದರು, ನಾನೂ ಅದನ್ನು ಕತ್ತರಿಸಲಿಲ್ಲ.

ಮಳೆ ಯಾವಾಗ ಕೈಕೊಡುತ್ತದೋ ಯಾರಿಗೆ ಗೊತ್ತು. ನೀವೂ ಒಂದು ತಿಂಗಳು ಲೆಕ್ಕ ಬರೆದು ನೋಡಿ. ಬಂದದ್ದು, ಹೋದದ್ದು ಎರಡರ ಜೊತೆಗೆ ಮೂರನೆಯ ಒಂದು ಸಾಲನ್ನೂ ಎಳೆಯಿರಿ: ಈ ತಿಂಗಳು ಯಾರು ಏನು ಬಿಟ್ಟರು? ಅದನ್ನು ತುಂಬಬೇಕಾದರೆ ಅಡಿಗೆಮನೆಗೆ ಹೋಗಿ ಕೇಳಬೇಕು. ಮೊದಲ ಸಲ ಕೇಳಿದಾಗ "ಏನಿಲ್ಲ ಬಿಡು" ಎಂಬ ಉತ್ತರ ಬರುತ್ತದೆ. ಎರಡನೆಯ ಸಲವೂ ಕೇಳಿ.