ಸೋವಿದವನ ಪಾಲು

ನಮ್ಮ ತಾತ ಬಂದೂಕ ಹಿಡಿದವನಲ್ಲ. ಗುಬ್ಬಿ ಸೀಮೆಯಲ್ಲಿ ಗೌಡರು ಬೇಟೆಗೆ ಹೊರಟರೆ, ಸರ್ಕಾರಿ ಕಾವಲಿರಲಿ, ಅವರದೇ ಹೊಲವಿರಲಿ, ತಮಟೆ ಬಡಿದು ಜಿಂಕೆ ಸೋವುತ್ತಿದ್ದವನು. ಬರಿಗಾಲಲ್ಲಿ ಮುಳ್ಳು ತುಳಿದವನು ಈತ, ಗುಂಡು ಹೊಡೆದವರು ಅವರು.

"ನಿಂಗೇನ್ ಸಿಕ್ತಿತ್ತು ತಾತ?"

"ತಲೆ, ಬೋಟಿ. ತೊಡೆ ಬಾಡು ಗೌಡ್ರ ಹಟ್ಟಿಗೆ ಕಣ್ ಮಗಾ."

ಚರ್ಮ ಹದ ಮಾಡಿದವನೂ ಇವನೇ. ಅದರ ಮೇಲೆ ಕೂತು ಜಪ ಮಾಡಿದವರು ಬೇರೆ.

1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾಡಲ್ಲಾಗಲಿ, ಪಟ್ಟಾ ಹೊಲದಲ್ಲಾಗಲಿ ಜಿಂಕೆ ಹೊಡೆಯುವುದು ಅಪರಾಧ. ಹೊಡೆದರೆ ಸತ್ತ ಜಿಂಕೆಯೂ ಸರ್ಕಾರದ್ದೇ. ಒಳ್ಳೆಯದೇ ಆಯಿತು ಬಿಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ 798 ಎಕರೆಯನ್ನು ಕೃಷ್ಣಮೃಗಕ್ಕೆಂದು ಮೀಸಲಿಟ್ಟರು. ತುಮಕೂರಿನ ಹಾಸ್ಟೆಲಿನಿಂದ ಹೋಗಿ ನೋಡಿದ್ದೇನೆ. ಅವು ನೆಗೆಯುವಾಗ ಕವಿತೆ ಬರೆಯಬೇಕೆನ್ನಿಸಿತು. ತಾತನ ಸೀಳು ಹಿಮ್ಮಡಿ ನೆನಪಾಗಿ ಬರೆಯಲಾಗಲಿಲ್ಲ.

ಕಾಯಿದೆ ಎಲ್ಲರಿಗೂ ಒಂದೇ ಅಂತಾರೆ. ಕುಣಿಗಲ್ ಕಡೆಯ ನಮ್ಮ ಅತ್ತೆಯ ಕೇರಿಗೆ, ಯಾರೋ ಚಾಡಿ ಹೇಳಿದರೆಂದು, ಖಾಕಿಯವರು ಬಂದು ಮಡಕೆ ಮುಚ್ಚಳ ತೆಗೆಸಿದರು. ಒಳಗೆ ಬೇಯುತ್ತಿದ್ದದ್ದು ಸಂತೆಯ ಕುರಿ ಬೋಟಿ. ಮೂಸಿ ನೋಡಿ ಹೋದರು.

ಗೌಡರ ತೊಟ್ಟಿಮನೆ ಗೋಡೆಯಲ್ಲಿ ಆ ಕಾಲದ ಕೊಂಬು ಈಗಲೂ ಇದೆ. ಅದಕ್ಕೆ ಕಾಗದ ಇದೆಯಾ ಅಂತ ಕೇಳೋಕೆ ಯಾರೂ ಹೋದದ್ದನ್ನ ನಾನು ಕಾಣೆ.