ಹಿರೋಶಿಮಾದ ಕೌಂಟರ್

ಜಪಾನಿನಲ್ಲಿ ಒಂಟಿಯಾಗಿ ರೈಲಿನಲ್ಲಿ ಸುತ್ತುವ ಸಸ್ಯಾಹಾರಿಗೆ ಮೊದಲು ಎದುರಾಗುವುದು ಊಟದ ಪ್ರಶ್ನೆ. ಅಲ್ಲಿನ ಸಾರಿನಲ್ಲಿ ಬರೀ ತರಕಾರಿ ಕಂಡರೂ ಅದರ ಮೂಲ ‘ದಾಶಿ’, ಹೆಚ್ಚಾಗಿ ಒಣಮೀನಿನಿಂದ ತೆಗೆದ ರಸ. ಟೋಕಿಯೊದಲ್ಲಿ ನನ್ನ ಕೈಹಿಡಿದದ್ದು ‘ಒನಿಗಿರಿ’. ಕಡಲಪಾಚಿ ಸುತ್ತಿದ ಅನ್ನದ ಮುದ್ದೆ, ಒಳಗೆ ಉಪ್ಪು-ಹುಳಿಯ ‘ಉಮೆಬೊಶಿ’ ಹಣ್ಣು. ಬಾಯಿಗಿಟ್ಟರೆ ನಮ್ಮ ಉಪ್ಪಿನಕಾಯಿಯ ನೆನಪು!

1964ರ ಅಕ್ಟೋಬರ್ 1ರಂದು ಶುರುವಾದ ಶಿಂಕಾನ್ಸೆನ್ ರೈಲುಮಾರ್ಗದಲ್ಲಿ ಒಸಾಕಾ ಕಡೆಗೆ ಹೊರಟರೆ ಬಲಗಡೆ ಫ್ಯೂಜಿ ಪರ್ವತ. ಕ್ಯೋಟೊದಲ್ಲಿ ಬೌದ್ಧ ಮಠಗಳ ‘ಶೋಜಿನ್ ರ್‍ಯೋರಿ’ ಊಟ ಸಿಕ್ಕಿತು. ಮೀನು, ಮಾಂಸ ಇಲ್ಲ. ತೋಫು, ಎಳ್ಳು, ತರಕಾರಿ. ನಾರಾದಲ್ಲಿ ಜಿಂಕೆಗಳು ತಲೆಬಾಗಿ ಬಿಸ್ಕತ್ತು ಕೇಳಿದವು.

ಹಿರೋಶಿಮಾದಲ್ಲಿ ಮಾತ್ರ ಹಸಿವೇ ಮರೆತುಹೋಯಿತು. ಅಲ್ಲಿ ಬ್ಯಾಂಕ್ ಆಫ್ ಜಪಾನ್‌ನ ಹಳೆಯ ಶಾಖೆಯಿದೆ, 1936ರ ಕಟ್ಟಡ. 1945ರ ಆಗಸ್ಟ್ 6ರಂದು ಬಾಂಬ್ ಸಿಡಿದದ್ದು ಅಲ್ಲಿಂದ ಸುಮಾರು 380 ಮೀಟರ್ ದೂರದಲ್ಲಿ. ಒಳಗಿದ್ದ ಹಲವರು ಸತ್ತರು, ಕಟ್ಟಡ ನಿಂತಿತು. ಎರಡೇ ದಿನಕ್ಕೆ, ಆಗಸ್ಟ್ 8ರಂದು, ಬ್ಯಾಂಕ್ ಬಾಗಿಲು ತೆರೆಯಿತು. ನೆಲೆ ಕಳೆದುಕೊಂಡ ಬೇರೆ ಬ್ಯಾಂಕುಗಳಿಗೂ ಅಲ್ಲೇ ಕೌಂಟರ್ ಕೊಟ್ಟರು.

ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು ನಾನು. ಪಾಸ್‌ಬುಕ್ ತರದವರನ್ನು ಮನೆಗೆ ಕಳಿಸುವುದು ನಮ್ಮ ರೂಢಿ. ಇಲ್ಲಿ ಬಂದವರಿಗೆ ಮನೆಯೇ ಇರಲಿಲ್ಲ. ಆ ಗುಮಾಸ್ತರಿಗೂ ಇದ್ದಿರಲಿಕ್ಕಿಲ್ಲ. ಎದುರು ನಿಂತವನ ಮುಖ ನೋಡಿ ಅವರು ಮೊದಲು ಏನು ಕೇಳಿದರೋ?

ಹೊರಗೆ ಬಂದಾಗ ಶಾಲೆಯ ಮಕ್ಕಳು ನಗುತ್ತಾ ಟ್ರಾಮಿಗೆ ಕಾಯುತ್ತಿದ್ದರು. ನಾನೂ ಅವರ ಹಿಂದೆ ಸಾಲಿನಲ್ಲಿ ನಿಂತೆ.