ನೀರಿಗೆ ಎದುರಾಗುವ ಮರ

ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ದಡಕ್ಕೆ ಎಳೆದಿಟ್ಟಿದ್ದ ದೋಣಿಯ ಮೂತಿಯ ಮೇಲೆ ಕೈಯಾಡಿಸಿದೆ. ನಡುವೆ ಅಗಲವಾಗಿದ್ದ ಮರ ಮುಂದೆ ಬಂದಂತೆ ಸಪೂರವಾಗಿ, ತುದಿಯಲ್ಲಿ ತುಸು ಮೇಲೆದ್ದಿತ್ತು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ಹೊಳೆ ಇಲ್ಲಿ ಹರವಾಗಿ ಹರಿಯುತ್ತದೆ. ರಸ್ತೆಗಳು ಬರುವ ಮೊದಲು ಬಂಟ್ವಾಳಕ್ಕೂ ಮಂಗಳೂರಿಗೂ ನಡುವೆ ಸರಕು ಸಾಗಿದ್ದು ಇದೇ ನೀರಿನ ಮೇಲೆ.

“ಮೂತಿ ದಪ್ಪ ಆದ್ರೆ ನೀರು ಎದುರು ನಿಲ್ತದೆ ಮಾರಾಯ್ರೆ. ಸಪೂರ ಇದ್ರೆ ದಾರಿ ಬಿಡ್ತದೆ” ಎಂದರು ದೋಣಿಯವರು.

ಎಷ್ಟು ದೊಡ್ಡ ಮಾತು! ದಪ್ಪ ಮೂತಿ ನೀರನ್ನು ಒಮ್ಮೆಲೇ ತಳ್ಳುತ್ತದೆ. ಆ ನೀರು ಅಲೆಯಾಗಿ ಏಳುತ್ತದೆ, ಹುಟ್ಟು ಹಾಕುವವನ ಬಲವೆಲ್ಲ ಅಲೆ ಎಬ್ಬಿಸುವುದಕ್ಕೇ ಖರ್ಚಾಗುತ್ತದೆ. ಸಪೂರ ಮೂತಿ ನೀರನ್ನು ಮೆಲ್ಲಗೆ ಇಬ್ಬದಿಗೆ ಸರಿಸಿ ದೋಣಿಯನ್ನು ನೇರ ಒಯ್ಯುತ್ತದೆ. ಆದರೆ ತೀರಾ ಸಪೂರವಾದರೆ ಎದುರಲೆಯೊಳಗೆ ಹೂತುಹೋಗುತ್ತದೆ, ಅದಕ್ಕೇ ತುದಿ ಮೇಲೇಳಬೇಕು. ಮೂತಿಯೇ ಇಲ್ಲದ ತುಂಗಭದ್ರೆಯ ಹರಿಗೋಲು ನಿಂತಲ್ಲೇ ಗಿರ್ರನೆ ತಿರುಗುವುದು ನೆನಪಾಯಿತು. ದೂರದ ಅಲಾಸ್ಕದಲ್ಲಿ ಅಲ್ಯೂಟ್ ಜನ ಕಡಲಸಿಂಹದ ಚರ್ಮ ಹೊದಿಸಿ ಕಟ್ಟುತ್ತಿದ್ದ ಕಯಾಕ್ ದೋಣಿಗಳಲ್ಲಂತೂ ಮೂತಿಯೇ ಎರಡಾಗಿ ಸೀಳಿರುತ್ತಿತ್ತು. ಕೆಳಗಿನದು ನೀರನ್ನು ಕತ್ತರಿಸುತ್ತದೆ, ಮೇಲಿನದು ಅಲೆ ಬಂದಾಗ ದೋಣಿಯನ್ನು ಎತ್ತಿ ಹಿಡಿಯುತ್ತದೆ. ದೂರದ ಕಡಲಿನವರೂ ನಮ್ಮ ಹೊಳೆಬದಿಯವರೂ ಒಂದೇ ಪ್ರಶ್ನೆಗೆ ಮರದಲ್ಲಿ ಉತ್ತರ ಬರೆದಿದ್ದಾರಲ್ಲ!

ಅಲ್ಲಿಂದ ಮುಂದೆ ಪುಂಜಾಲಕಟ್ಟೆ, ಗುರುವಾಯನಕೆರೆ ಹಾದು ಬೆಳ್ತಂಗಡಿ ಸೀಮೆ. ವೇಣೂರಿನಲ್ಲಿ, ಫಲ್ಗುಣಿಯ ದಡದಲ್ಲಿ, 1604ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನಿಗೆ ಕೈಮುಗಿದು ಮೂಡುಬಿದಿರೆಯ ದಾರಿ ಹಿಡಿದೆ. ಅಲ್ಲಿನ ಕಡಲಕೆರೆಯಲ್ಲಿ ಕೆಸರಿನಲ್ಲಿ ಕೋಣ ಓಡಿಸುವ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆದಿತ್ತು.

ಅಲ್ಲಿ ನಾನು ಕಂಡದ್ದು ಪಾಣೆಮಂಗಳೂರಿನ ಪಾಠದ ಇನ್ನೊಂದು ಮಗ್ಗುಲು. ನೇಗಿಲು, ಹಗ್ಗದ ಓಟಗಳಲ್ಲಿ ವೇಗವೇ ಎಲ್ಲ. ಕನೆಹಲಗೆಯ ಓಟದಲ್ಲಿ ಹಾಗಲ್ಲ. ಕೋಣಗಳ ಹಿಂದೆ ಕಟ್ಟಿದ, ತೂತುಗಳಿರುವ ಮರದ ಹಲಗೆಯ ಮೇಲೆ ಓಡಿಸುವವನು ಕಾಲೂರಿ ನಿಲ್ಲುತ್ತಾನೆ. ಓಟ ಶುರುವಾಗುವ ಗಂತಿನಿಂದ ಕೋಣಗಳು ಹೊರಟೊಡನೆ ಹಲಗೆ ಕರೆಯ, ಅಂದರೆ ಓಟದ ಹಾದಿಯ, ನೀರನ್ನು ಒತ್ತುತ್ತದೆ. ಒತ್ತಿಸಿಕೊಂಡ ನೀರಿಗೆ ತೂತೇ ದಾರಿ. ಅದು ಕಾರಂಜಿಯಾಗಿ ಆಕಾಶಕ್ಕೆ ಚಿಮ್ಮುತ್ತದೆ! ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು, 6.5 ಕೋಲು ಎತ್ತರದ್ದೋ 7.5 ಕೋಲು ಎತ್ತರದ್ದೋ, ಆ ನೀರು ಮುಟ್ಟಿದರೆ ಗೆಲುವು. ದೋಣಿ ಕಟ್ಟುವವನು ಯಾವ ಅಲೆಯನ್ನು ಏಳಗೊಡಬಾರದೆಂದು ಮರ ಕೆತ್ತುತ್ತಾನೋ, ಹಲಗೆ ಮಾಡುವವನು ಅದೇ ನೀರನ್ನು ಎಬ್ಬಿಸಲು ಮರ ಕೊರೆಯುತ್ತಾನೆ. ಓಡಿಸುವವನ ಕಾಲಿನ ಒತ್ತಡ, ಹಲಗೆಯ ಓರೆ ತುಸು ತಪ್ಪಿದರೂ ನೀರು ನಿಶಾನೆಗೆ ಹಾಯುವುದಿಲ್ಲ.

ಈ ಮರಗೆಲಸವನ್ನು ನಾವು ವಿದ್ಯೆಯೆಂದು ಎಣಿಸಿದ್ದು ಕಡಿಮೆ, ಎಣಿಸಲೇಬೇಕು. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ಪೆರ್ಮುಡ, ಮೂಡುಬಿದಿರೆಯ ಕಡಲಕೆರೆ, ಮೂರೂ ಕಡೆ ಕಂಬಳವಿದೆ. ಹೋದಾಗ ಓಟ ಮುಗಿಯುವ ಮಂಜೊಟ್ಟಿಯ ಗದ್ದಲದಿಂದ ಸ್ವಲ್ಪ ಈಚೆ ಬಂದು ನಿಶಾನೆಯ ಪಕ್ಕ ನಿಲ್ಲಿ, ಕೋಣಗಳ ಜೊತೆಗೆ ಆ ಹಲಗೆಯನ್ನೂ ಕಣ್ತುಂಬ ನೋಡಿ.